ಮೊದಲ ದಿನದ ಕಾರಣ

(ಒಬ್ಬರು ಪ್ರೌಢಶಾಲೆಯೊಂದರ ಮುಖ್ಯೋಪಾಧ್ಯಾಯಿನಿ, ಕನ್ನಡ ಪಾಠ ಮಾಡುವವರು. ಇನ್ನೊಬ್ಬ ಅವರ ಹಳೆಯ ವಿದ್ಯಾರ್ಥಿ, ಈಗ ದಿನಪತ್ರಿಕೆಯೊಂದರ ಸುದ್ದಿ ಡೆಸ್ಕಿನಲ್ಲಿದ್ದಾನೆ.)

ಮೇಡಂ: ಗೇಮ್ ಆಡೋ ಹುಡುಗರು ಕೊಲೆ ಮಾಡೋಕೂ ಹೇಸಲ್ಲ ಅಂತ ಬರೆಯೋರೂ ನೀವೇ, ಅದನ್ನ ನಂಬಬೇಡಿ ಅಂತ ವಾದ ಮಾಡೋನೂ ನೀನೇ. ನಾವು ಯಾವುದನ್ನಪ್ಪ ಹಿಡ್ಕೋಬೇಕು?

ಶಿಷ್ಯ: ನಂಬಬೇಡಿ ಅಂತಲ್ಲ ಮೇಡಂ. ಹಾಗೆ ಬರೆದ ದಿನ ನಮ್ಮ ಕೈಯಲ್ಲಿ ಏನಿತ್ತು ಅಂತ ನೋಡಿ ಅಂತಿದ್ದೀನಿ.

ಮೇಡಂ: ಏನಿತ್ತು ಅಂದ್ರೆ? 2019ರಲ್ಲಿ ಬೆಳಗಾವಿ ಜಿಲ್ಲೆಯಲ್ಲಿ ಮಗ ಹೆತ್ತ ತಂದೆಯನ್ನೇ ಕೊಂದ. ಪಬ್ಜಿ ಆಡಬೇಡ ಅಂದಿದ್ದಕ್ಕೆ ಕೊಂದ ಅಂತ ಎಲ್ಲ ಪೇಪರಿನಲ್ಲೂ ಬಂತು, ಟೀವಿಯಲ್ಲಿ ದಿನವಿಡೀ ಬಂತು. ಅದು ಸುಳ್ಳೇ?

ಶಿಷ್ಯ: ಕೊಲೆ ಸುಳ್ಳಲ್ಲ, ಮನೆಯಲ್ಲಿ ಮೊಬೈಲಿಗಾಗಿ ಜಗಳ ಆಗಿತ್ತು ಅನ್ನೋದನ್ನೂ ನಾನು ತಳ್ಳಿಹಾಕ್ತಿಲ್ಲ. ಆದರೆ ಇಂಥ ಸುದ್ದಿ ಹೇಗೆ ತಯಾರಾಗುತ್ತೆ ಅಂತ ಕೇಳಿ. ಯಾರು, ಎಲ್ಲಿ, ಯಾವಾಗ, ಹೇಗೆ, ಇಷ್ಟೂ ಠಾಣೆಯಿಂದ ಸಂಜೆಯೊಳಗೆ ಸಿಗುತ್ತೆ. ‘ಏಕೆ’ ಒಂದು ಮಾತ್ರ ಉಳಿಯುತ್ತೆ. ಎಡಿಷನ್ ಮುಚ್ಚೋ ಹೊತ್ತಿಗೆ ವರದಿಗಾರ ಇನ್‌ಸ್ಪೆಕ್ಟರಿಗೆ ಫೋನ್ ಮಾಡ್ತಾನೆ. ‘ಮೊಬೈಲ್ ವಿಷಯಕ್ಕೆ ಗಲಾಟೆ ಆಗಿತ್ತಂತೆ, ಹುಡುಗ ಸದಾ ಗೇಮ್ ಆಡ್ತಿದ್ದನಂತೆ’ ಅಂತಾರೆ ಅವರು. ಆ ಎರಡು ‘ಅಂತೆ’ ವರದಿಗಾರನ ಕಾಪಿಯಲ್ಲಿ ಒಂದಾಗುತ್ತೆ, ಡೆಸ್ಕಿನಲ್ಲಿ ಹೆಡ್‌ಲೈನ್ ಕೊಡುವಾಗ ಆ ಒಂದೂ ಹೋಗುತ್ತೆ. ಟೀವಿಗೆ ಬಂದಾಗ ಪಬ್ಜಿಯೇ ಆರೋಪಿ, ಹುಡುಗ ಅದರ ಆಯುಧ.

ಮೇಡಂ: ಗೇಮ್ ವಿಷಯಕ್ಕೇ ಜಗಳ ಆಗಿದ್ದರೆ ಕಾರಣ ಗೇಮ್ ಅಲ್ಲದೆ ಮತ್ತೇನು?

ಶಿಷ್ಯ: ಜಗಳದ ವಿಷಯ ಬೇರೆ, ಕೊಲೆಯ ಕಾರಣ ಬೇರೆ. ನಮ್ಮ ಹಳ್ಳಿಗಳಲ್ಲಿ ಹೊಲದ ಬದುವಿನ ಜಗಳಕ್ಕೆ ಅಣ್ಣತಮ್ಮಂದಿರು ಕಡಿದಾಡಿ ಸತ್ತಿದ್ದಾರೆ. ಬದು ಮನುಷ್ಯರನ್ನ ಕೊಲೆಗಾರರನ್ನಾಗಿ ಮಾಡುತ್ತೆ ಅಂತ ನಾವು ಬರೀಲಿಲ್ಲ. ಆ ಮನೆಯಲ್ಲಿ ಮೊದಲು ಏನಿತ್ತು, ಕುಡಿತವೇ, ಸಾಲವೇ, ಹಳೇ ದ್ವೇಷವೇ ಅಂತ ಊರವರೇ ಕೇಳ್ತಾರೆ. ಗೇಮ್ ಬಂದ ಕೂಡಲೇ ಆ ವಿಚಾರಣೆ ನಿಂತುಹೋಗುತ್ತೆ.

ಮೇಡಂ: ಹುಡುಗರೇ ಪೊಲೀಸರ ಮುಂದೆ ಒಪ್ಪಿಕೊಳ್ತಾರಲ್ಲೋ, ‘ಗೇಮ್ ಆಡೋಕೆ ಬಿಡಲಿಲ್ಲ, ಅದಕ್ಕೇ ಮಾಡಿದೆ’ ಅಂತ.

ಶಿಷ್ಯ: ಪೊಲೀಸರ ಮುಂದಿನ ತಪ್ಪೊಪ್ಪಿಗೆಯನ್ನ ನಮ್ಮ ಕಾನೂನು ಸಾಕ್ಷ್ಯ ಅಂತಲೇ ಒಪ್ಪಲ್ಲ. 1872ರ ಸಾಕ್ಷ್ಯ ಅಧಿನಿಯಮದ 25ನೇ ಸೆಕ್ಷನ್ ಹಾಗೆ ಹೇಳ್ತಿತ್ತು, 2024ರಿಂದ ಜಾರಿಯಲ್ಲಿರೋ ಹೊಸ ಸಾಕ್ಷ್ಯ ಕಾನೂನಿನಲ್ಲೂ ಅದು ಹಾಗೇ ಉಳಿದಿದೆ. ಇನ್ನೊಂದು ವಿಚಿತ್ರ ಕೇಳಿ. ಕಣ್ಣಾರೆ ಕಂಡ ಸಾಕ್ಷಿ ಗಟ್ಟಿಯಾಗಿದ್ದರೆ, ಕೊಂದದ್ದು ಯಾಕೆ ಅಂತ ಸಾಬೀತಾಗದಿದ್ದರೂ ಕೋರ್ಟು ಶಿಕ್ಷೆ ಕೊಡಬಹುದು. ಕೋರ್ಟು ವರ್ಷಗಟ್ಟಲೆ ವಿಚಾರಣೆ ಮಾಡಿಯೂ ಕೆಲವು ಸಲ ಬದಿಗಿಡೋ ‘ಏಕೆ’ ನಮಗೆ ಮೊದಲ ದಿನ ರಾತ್ರಿ ಹತ್ತು ಗಂಟೆಯೊಳಗೆ ಬೇಕು.

ಮೇಡಂ: ಸರಿ, ಅವಸರ ಆಯ್ತು ಅಂತಿಟ್ಕೊ. ಅವಸರದಲ್ಲಿ ಬರೆದದ್ದೆಲ್ಲ ತಪ್ಪಾಗಲೇಬೇಕು ಅಂತೇನಿಲ್ಲವಲ್ಲ.

ಶಿಷ್ಯ: ಇಲ್ಲ. ಆದರೆ ಈ ಒಂದು ವಿಷಯದಲ್ಲಿ ಮೊದಲ ದಿನದ ಸುದ್ದಿಯನ್ನೂ ಕೊನೆಯ ದಿನದ ವರದಿಯನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು. ಇಂಗ್ಲೆಂಡಿನ ಲೆಸ್ಟರ್ ನಗರದ ಪ್ರಕರಣ ತಗೊಳ್ಳಿ. 2004ರ ಫೆಬ್ರುವರಿಯಲ್ಲಿ 17 ವರ್ಷದ ಹುಡುಗನೊಬ್ಬ 14 ವರ್ಷದ ತನ್ನ ಗೆಳೆಯನನ್ನ ಪಾರ್ಕಿಗೆ ಕರೆದುಕೊಂಡು ಹೋಗಿ ಸುತ್ತಿಗೆ, ಚಾಕುವಿನಿಂದ ಕೊಂದ. ‘ಮ್ಯಾನ್‌ಹಂಟ್’ ಅಂತ ಒಂದು ಗೇಮ್ ಆಗ ಮಾರುಕಟ್ಟೆಯಲ್ಲಿತ್ತು, 18 ದಾಟಿದವರಿಗೆ ಮಾತ್ರ ಅನ್ನೋ ಮುದ್ರೆ ಇದ್ದ ಬಹಳ ಕ್ರೂರವಾದ ಗೇಮ್. ಕೊಂದ ಹುಡುಗನಿಗೆ ಅದರ ಹುಚ್ಚು ಹಿಡಿದಿತ್ತು ಅಂತ ಸತ್ತ ಹುಡುಗನ ಹೆತ್ತವರು ಹೇಳಿದರು. ಅಂಥ ಗೇಮ್‌ಗಳನ್ನ ನಿಷೇಧಿಸಿ ಅಂತ ‘ಡೇಲಿ ಮೇಲ್’ ಮುಖಪುಟದಲ್ಲೇ ಕೂಗಿತು. ದೊಡ್ಡ ದೊಡ್ಡ ಅಂಗಡಿಗಳು ಗೇಮನ್ನ ಕಪಾಟಿನಿಂದ ತೆಗೆದವು.

ಮೇಡಂ: ಮಗನನ್ನ ಕಳ್ಕೊಂಡವರು ಹೇಳಿದ್ದನ್ನ ಪೇಪರಿನವರು ಹಾಕದೆ ಇರೋಕಾಗುತ್ತಾ?

ಶಿಷ್ಯ: ಹಾಕಲೇಬೇಕು. ಅವರ ಸಂಕಟ ಸುದ್ದಿಯೇ. ಆದರೆ ಸಂಕಟದಲ್ಲಿ ಅಂದ ಮಾತನ್ನ ತನಿಖೆಯ ತೀರ್ಮಾನ ಅನ್ನೋ ಹಾಗೆ ಹಾಕಬಾರದು. ತನಿಖೆ ಮಾಡಿದ ಪೊಲೀಸರು ಏನು ಹೇಳಿದರು ಗೊತ್ತಾ? ಕೊಂದವನ ಉದ್ದೇಶ ದರೋಡೆ, ಮಾದಕ ವಸ್ತುವಿನ ಸಾಲ ತೀರಿಸೋಕೆ ದುಡ್ಡು ಬೇಕಿತ್ತು. ಆ ಗೇಮಿನ ಪ್ರತಿ ಸಿಕ್ಕಿದ್ದು ಕೊಂದವನ ಕೋಣೆಯಲ್ಲಲ್ಲ, ಸತ್ತ ಹುಡುಗನ ಕೋಣೆಯಲ್ಲಿ.

ಮೇಡಂ: ಅಯ್ಯೋ!

ಶಿಷ್ಯ: ಗೇಮಿನ ಸಂಬಂಧ ಇಲ್ಲ ಅಂತ ಪೊಲೀಸರು ಹೇಳಿದರೂ ಮುಖಪುಟ ಹಿಂದಕ್ಕೆ ಬರಲಿಲ್ಲ. ಇಷ್ಟು ಗದ್ದಲ ಆದಮೇಲೆ ಆ ಗೇಮಿಗೆ ಬೇಡಿಕೆ ಹೆಚ್ಚಾಯ್ತು. ಇದೂ ಹಳೇ ಕಥೆ. ಅಮೆರಿಕದಲ್ಲಿ 1976ರಲ್ಲಿ ‘ಡೆತ್ ರೇಸ್’ ಅಂತ ನಾಣ್ಯ ಹಾಕಿ ಆಡೋ ಯಂತ್ರ ಬಂದಿತ್ತು. ಕಡ್ಡಿಗೊಂಬೆಯಂಥ ಆಕೃತಿಗಳ ಮೇಲೆ ಕಾರು ಹತ್ತಿಸೋ ಆಟ. ಪತ್ರಿಕೆಗಳು ಬೈದಷ್ಟೂ ಅದರ ಮಾರಾಟ ಏರಿತು.

ಮೇಡಂ: ಒಂದು ಲೆಸ್ಟರ್ ಹೇಳಿ ಎಲ್ಲದಕ್ಕೂ ಮುದ್ರೆ ಒತ್ತಬೇಡ. ಅಮೆರಿಕದ ಶಾಲೆಗಳಲ್ಲಿ ಗುಂಡು ಹಾರಿಸಿದವರೆಲ್ಲ ಗೇಮ್ ಆಡಿದವರೇ ಅಂತ ಕೇಳಿದ್ದೀನಿ.

ಶಿಷ್ಯ: ಎಲ್ಲರೂ ಅಲ್ಲ. ಕೆಲವರು ಆಡಿದ್ದು ನಿಜ. 1999ರ ಕೊಲಂಬೈನ್ ಶಾಲೆಯ ಇಬ್ಬರೂ ‘ಡೂಮ್’ ಆಡ್ತಿದ್ದರು, ಅವರಲ್ಲಿ ಒಬ್ಬ ಅದಕ್ಕೆ ತನ್ನದೇ ಹಂತಗಳನ್ನೂ ತಯಾರಿಸಿದ್ದ. ಅದಕ್ಕೆ ಒಂದು ಬಾಲ ಸೇರಿಕೊಂಡಿತು. ತಮ್ಮ ಶಾಲೆಯದೇ ನಕ್ಷೆಯನ್ನ ಗೇಮಿನಲ್ಲಿ ಕಟ್ಟಿ ಅಭ್ಯಾಸ ಮಾಡಿದ್ದರು ಅಂತ. ಆ ನಕ್ಷೆ ಇವತ್ತಿಗೂ ಸಿಕ್ಕಿಲ್ಲ, ಮಾತು ಮಾತ್ರ ಇವತ್ತಿಗೂ ಓಡಾಡ್ತಿದೆ.

ಮೇಡಂ: ಆಡ್ತಿದ್ದರು ಅನ್ನೋದಾದರೂ ನಿಜವಲ್ಲ?

ಶಿಷ್ಯ: ನಿಜ, ಆದರೆ ಅದರಿಂದ ಏನು ತಿಳಿಯುತ್ತೆ ಅಂತ ಯೋಚಿಸಿ. 2008ರಲ್ಲಿ ಪ್ಯೂ ಸಂಸ್ಥೆ ಅಮೆರಿಕದಲ್ಲಿ ಸಮೀಕ್ಷೆ ಮಾಡಿದಾಗ 12ರಿಂದ 17 ವರ್ಷದವರಲ್ಲಿ ಶೇ 97 ಮಂದಿ ಯಾವುದಾದರೊಂದು ಗೇಮ್ ಆಡ್ತಿದ್ದರು. ಹುಡುಗರಲ್ಲಂತೂ ಆಡದವನನ್ನ ಹುಡುಕಬೇಕಿತ್ತು. ಎಲ್ಲರೂ ಮಾಡೋ ಕೆಲಸವನ್ನ ಕೊಲೆಗಾರನೂ ಮಾಡ್ತಿದ್ದ ಅಂದರೆ ಅದು ಸುಳಿವಲ್ಲ. ಅಮೆರಿಕದ ಸೀಕ್ರೆಟ್ ಸರ್ವಿಸ್ ಮತ್ತು ಶಿಕ್ಷಣ ಇಲಾಖೆ ಸೇರಿ ಶಾಲಾ ದಾಳಿಗಳ 37 ಪ್ರಕರಣಗಳನ್ನ ಕೆದಕಿ ನೋಡಿದವು. ದಾಳಿಕೋರರು 41 ಮಂದಿ. ಹಿಂಸೆಯ ಗೇಮ್‌ಗಳಲ್ಲಿ ಆಸಕ್ತಿ ಇದ್ದವರು ಶೇ 12. ಹಿಂಸೆಯ ಪುಸ್ತಕಗಳಲ್ಲಿ ಶೇ 24, ಸಿನಿಮಾಗಳಲ್ಲಿ ಶೇ 27. ಎಲ್ಲಕ್ಕಿಂತ ಹೆಚ್ಚು, ಶೇ 37 ಮಂದಿ, ಹಿಂಸೆಯನ್ನ ತೋಡಿಕೊಂಡಿದ್ದು ತಾವೇ ಬರೆದ ಕವಿತೆ, ಪ್ರಬಂಧ, ದಿನಚರಿಗಳಲ್ಲಿ.

ಮೇಡಂ: ಅಂದರೆ ಸುಳಿವು ಟೀಚರ ಮೇಜಿನ ಮೇಲಿರೋ ನೋಟ್‌ಬುಕ್ಕಿನಲ್ಲಿತ್ತು ಅನ್ನು.

ಶಿಷ್ಯ: ಎಷ್ಟೋ ಸಲ. ಅದನ್ನ ನೋಡೋ ತಾಳ್ಮೆ ಕ್ಯಾಮೆರಾಕ್ಕೆ ಇರಲಿಲ್ಲ. 2007ರ ಏಪ್ರಿಲ್ 16ರಂದು ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಯೊಬ್ಬ 32 ಜನರನ್ನ ಕೊಂದ. ಅವನು ಯಾರು ಅಂತ ಸರಿಯಾಗಿ ಗೊತ್ತಾಗೋ ಮೊದಲೇ ಟೀವಿ ಚರ್ಚೆಯಲ್ಲಿ ವಕೀಲರೊಬ್ಬರು ಕೂತು ಗೇಮ್‌ಗಳ ಮೇಲೆ ಹೊಣೆ ಹೊರಿಸಿ ಆಗಿತ್ತು. ಆಗಸ್ಟಿನಲ್ಲಿ ರಾಜ್ಯ ಸರ್ಕಾರ ನೇಮಿಸಿದ ಸಮಿತಿಯ ವರದಿ ಬಂತು. ಚಿಕ್ಕವನಿದ್ದಾಗ ಅವನು ಆಡ್ತಿದ್ದದ್ದು ‘ಸೋನಿಕ್’, ಅದೇ ನೀಲಿ ಮುಳ್ಳುಹಂದಿ ಓಡೋ ಮಕ್ಕಳ ಆಟ. ಹಿಂಸೆಯ ಗೇಮ್ ಒಂದೂ ಇರಲಿಲ್ಲ. ವರದಿಯಲ್ಲಿ ಪುಟಗಟ್ಟಲೆ ಇದ್ದದ್ದು ಅವನ ಮಾನಸಿಕ ಕಾಯಿಲೆ, ಅವನ ಬರಹ ಕಂಡು ಹೆದರಿದ ಅಧ್ಯಾಪಕರು, ಒಂದು ವಿಭಾಗಕ್ಕೆ ಗೊತ್ತಿದ್ದದ್ದು ಇನ್ನೊಂದಕ್ಕೆ ತಲುಪದ ಆಡಳಿತ, ಅವನಿಗೆ ಸಿಗಬಾರದಿದ್ದ ಬಂದೂಕು ಸಿಕ್ಕ ಬಗೆ.

ಮೇಡಂ: ಅದನ್ನ ಯಾರೂ ಚರ್ಚಿಸಲಿಲ್ಲವೇ?

ಶಿಷ್ಯ: ಚರ್ಚಿಸಿದರು, ಮೊದಲ ದಿನದ ದನಿಯಲ್ಲಲ್ಲ. ಅಷ್ಟು ಹೊತ್ತಿಗೆ ಜನರ ಮನಸ್ಸಿನಲ್ಲಿ ಉತ್ತರ ಕೂತುಬಿಟ್ಟಿತ್ತು. 2012ರ ಡಿಸೆಂಬರ್ 14ರ ಸ್ಯಾಂಡಿ ಹುಕ್ ಪ್ರಾಥಮಿಕ ಶಾಲೆಯದು ಇನ್ನೂ ಕೆಟ್ಟದ್ದು. 20 ಪುಟ್ಟ ಮಕ್ಕಳು, ಶಾಲೆಯ ಆರು ಸಿಬ್ಬಂದಿ. ಮೊದಲ ಗಂಟೆಗಳಲ್ಲಿ ಚಾನೆಲ್‌ಗಳು ಹಂತಕನ ಬದಲು ಅವನ ಅಣ್ಣನ ಹೆಸರು ಹೇಳಿದವು. ಜನ ಆ ಅಣ್ಣನ ಫೇಸ್‌ಬುಕ್ ಹುಡುಕಿದರು. ಅವನು ‘ಮಾಸ್ ಎಫೆಕ್ಟ್’ ಅನ್ನೋ ಗೇಮಿನ ಪುಟಕ್ಕೆ ಲೈಕ್ ಒತ್ತಿದ್ದ. ಅಷ್ಟು ಸಾಕಾಯ್ತು, ಮಕ್ಕಳನ್ನ ಕೊಂದವರು ನೀವೇ ಅಂತ ಸಾವಿರಾರು ಮಂದಿ ಆ ಪುಟಕ್ಕೆ ಮುಗಿಬಿದ್ದರು.

ಮೇಡಂ: ಕೊಲೆ ಮಾಡದವನು ಲೈಕ್ ಮಾಡಿದ ಗೇಮು!

ಶಿಷ್ಯ: ಹೌದು. ಮುಂದಿನ ವರ್ಷ ಸರ್ಕಾರಿ ವಕೀಲರ ವರದಿ ಬಂತು. ನಿಜವಾದ ಹಂತಕನ ಮನೆಯಲ್ಲಿ ಹಿಂಸೆಯ ಗೇಮ್‌ಗಳೂ ಇದ್ದವು, ಅದನ್ನ ಮುಚ್ಚಿಡಬಾರದು. ಆದರೆ ಅವನು ಗಂಟೆಗಟ್ಟಲೆ ಹುಚ್ಚು ಹಿಡಿದ ಹಾಗೆ ಆಡ್ತಿದ್ದದ್ದು ಚಿತ್ರಮಂದಿರವೊಂದರಲ್ಲಿದ್ದ ‘ಡಾನ್ಸ್ ಡಾನ್ಸ್ ರೆವಲ್ಯೂಷನ್’ ಯಂತ್ರವನ್ನ. ಹಾಡಿನ ತಾಳಕ್ಕೆ ಕಾಲು ಹಾಕೋ ಆಟ ಅದು. ಕೊನೆಗೆ ಆ ವರದಿ ಹೇಳಿದ್ದು, ಯಾಕೆ ಕೊಂದ ಅನ್ನೋದಕ್ಕೆ ಖಚಿತ ಉತ್ತರ ಸಿಗಲಿಲ್ಲ ಅಂತ. ಒಂದು ವರ್ಷ ತನಿಖೆ ಮಾಡಿದವರಿಗೆ ಸಿಗದ ಉತ್ತರ ಚಾನೆಲ್‌ಗಳಿಗೆ ಮಧ್ಯಾಹ್ನದೊಳಗೆ ಸಿಕ್ಕಿತ್ತು.

ಮೇಡಂ: ನೀನು ಹೇಳೋದು ಕೇಳಿದ್ರೆ ಪ್ರತಿಸಲವೂ ಏನಾದರೊಂದು ತಲೆ ಬೇಕು, ಆ ಕಾಲಕ್ಕೆ ಯಾವುದು ಹೊಸದೋ ಅದರದ್ದು.

ಶಿಷ್ಯ: ಸರಿಯಾಗಿ ಹಿಡಿದಿರಿ. ಲಂಡನ್ ಹತ್ತಿರದ ಪ್ಲೇಸ್ಟೋದಲ್ಲಿ 1895ರಲ್ಲಿ 13 ವರ್ಷದ ಹುಡುಗ ತಾಯಿಯನ್ನ ಕೊಂದ. ಮನೆಯಲ್ಲಿ ಅಗ್ಗದ ಸಾಹಸ ಕಥೆಗಳ ಪುಸ್ತಿಕೆಗಳು ಸಿಕ್ಕವು, ಪತ್ರಿಕೆಗಳು ಅವನ್ನೇ ದೂರಿದವು. ಅದೇ ಹುಡುಗ ಬೆಳೆದು ಮೊದಲ ಮಹಾಯುದ್ಧದಲ್ಲಿ ಆಸ್ಟ್ರೇಲಿಯಾದ ಸೇನೆ ಸೇರಿ, ಗ್ಯಾಲಿಪೊಲಿಯಲ್ಲಿ ಗಾಯಾಳುಗಳನ್ನ ಹೊತ್ತು ಪದಕ ಪಡೆದ. 1954ರಲ್ಲಿ ಅಮೆರಿಕದ ಮನೋವೈದ್ಯ ಫ್ರೆಡರಿಕ್ ವರ್ಥಮ್ ಕಾಮಿಕ್ಸ್‌ಗಳು ಮಕ್ಕಳನ್ನ ಅಪರಾಧಿಗಳನ್ನಾಗಿ ಮಾಡ್ತಿವೆ ಅಂತ ಪುಸ್ತಕ ಬರೆದ, ಸೆನೆಟ್ ವಿಚಾರಣೆಯೇ ನಡೆಯಿತು. ಅವನು ಮಕ್ಕಳ ಹೇಳಿಕೆಗಳನ್ನ ತಿರುಚಿದ್ದ ಅಂತ ಕ್ಯಾರಲ್ ಟಿಲ್ಲಿ ಅನ್ನೋ ಸಂಶೋಧಕಿ ಅವನದೇ ಕಡತ ತೆಗೆದು ತೋರಿಸಿದ್ದು 2012ರಲ್ಲಿ. ನಮ್ಮಲ್ಲಿ ‘ಶಕ್ತಿಮಾನ್’ ಕಾಲ ನೆನಪಿಲ್ವಾ?

ಮೇಡಂ: ನೆನಪಿಲ್ಲದೆ ಏನು? ಶಕ್ತಿಮಾನ್ ಬಂದು ಕಾಪಾಡ್ತಾನೆ ಅಂತ ಮಕ್ಕಳು ಮಹಡಿಯಿಂದ ಹಾರ್ತಿದ್ದಾರೆ ಅಂತ ಸುದ್ದಿ. ಧಾರಾವಾಹಿ ಮುಗಿಯೋವಾಗ ನಟನೇ ಬಂದು ಮಕ್ಕಳಿಗೆ ಬುದ್ಧಿ ಹೇಳ್ತಿದ್ದ. ಆದರೆ ಪುಸ್ತಕ, ಸಿನಿಮಾ, ಗೇಮ್ ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕಬೇಡ. ಭೀಮ ದುಶ್ಶಾಸನನ ಎದೆ ಬಗೆಯೋದನ್ನ ನಾನೇ ಮೂವತ್ತು ವರ್ಷದಿಂದ ಪಾಠ ಮಾಡ್ತಿದ್ದೀನಿ. ಅಲ್ಲಿ ಬಗೆಯೋನು ಭೀಮ, ಹುಡುಗ ಕೇಳುಗ. ಗೇಮಿನಲ್ಲಿ ಗುಂಡು ಹೊಡೆಯೋನು ಹುಡುಗನೇ. ಅವನ ಬೆರಳೇ, ಅವನಿಗೇ ಅಂಕ. ವ್ಯತ್ಯಾಸ ಇಲ್ವೇ?

ಶಿಷ್ಯ: ಇರಬಹುದು ಅಂತಲೇ ಮನಶ್ಶಾಸ್ತ್ರಜ್ಞರು ನಲವತ್ತು ವರ್ಷದಿಂದ ಹುಡುಕ್ತಿದ್ದಾರೆ. ಕ್ಯಾಲಿಫೋರ್ನಿಯಾ ಸರ್ಕಾರವೂ ಸುಪ್ರೀಂ ಕೋರ್ಟಿನ ಮುಂದೆ ಇದೇ ವಾದ ಹೂಡಿತ್ತು, ಹಿಂಸೆಯ ಗೇಮ್‌ಗಳನ್ನ ಮಕ್ಕಳಿಗೆ ಮಾರಬಾರದು ಅನ್ನೋ ಕಾನೂನನ್ನ ಸಮರ್ಥಿಸೋವಾಗ. 2011ರಲ್ಲಿ ನ್ಯಾಯಾಲಯ 7–2ರಿಂದ ಆ ಕಾನೂನನ್ನ ರದ್ದು ಮಾಡಿತು. ಮಾಟಗಾತಿಯನ್ನ ಒಲೆಗೆ ತಳ್ಳೋ ಅಜ್ಜಿಕಥೆಗಳನ್ನ ಮಕ್ಕಳಿಗೆ ನಾವೇ ಓದಿಸ್ತೀವಲ್ಲ ಅಂತ ಬಹುಮತದ ತೀರ್ಪು ಬರೆದ ನ್ಯಾಯಮೂರ್ತಿ ಸ್ಕಾಲಿಯಾ ಕೇಳಿದರು.

ಮೇಡಂ: ಕೋರ್ಟು ವಾಕ್ ಸ್ವಾತಂತ್ರ್ಯ ನೋಡುತ್ತೆ. ನಾನು ಮಗುವಿನ ಮನಸ್ಸು ಕೇಳ್ತಿದ್ದೀನಿ. ವಿಜ್ಞಾನ ಏನನ್ನುತ್ತೆ?

ಶಿಷ್ಯ: ಅಲ್ಲಿ ಎರಡು ಬಣ ಇದೆ, ಎರಡನ್ನೂ ಹೇಳ್ತೀನಿ. 2018ರಲ್ಲಿ ಬಂದ ಒಂದು ವಿಶ್ಲೇಷಣೆ 24 ಅಧ್ಯಯನಗಳನ್ನ, 17 ಸಾವಿರಕ್ಕೂ ಹೆಚ್ಚು ಮಕ್ಕಳ ಮಾಹಿತಿಯನ್ನ ಒಟ್ಟುಗೂಡಿಸಿತು. ಹಿಂಸೆಯ ಗೇಮ್ ಆಡೋರಲ್ಲಿ ಮುಂದೆ ಹೊಡೆದಾಟದ ಪ್ರವೃತ್ತಿ ಚೂರು ಹೆಚ್ಚು ಅಂತ ಅದು ಹೇಳಿತು. ಚೂರು ಅಂದರೆ ನಿಜಕ್ಕೂ ಚೂರೇ, ಆದರೆ ಸೊನ್ನೆಯಲ್ಲ. ಮರುವರ್ಷ ಆಕ್ಸ್‌ಫರ್ಡಿನವರು 14–15 ವರ್ಷದ ಸಾವಿರದಷ್ಟು ಬ್ರಿಟಿಷ್ ಮಕ್ಕಳನ್ನ ತಗೊಂಡು, ಅವರ ಸಿಟ್ಟಿನ ಬಗ್ಗೆ ಹೆತ್ತವರನ್ನೇ ಕೇಳಿ ನೋಡಿದರು. ಯಾವ ಸಂಬಂಧವೂ ಕಾಣಲಿಲ್ಲ.

ಮೇಡಂ: ಪ್ರಯೋಗಾಲಯದಲ್ಲಿ ಸಿಟ್ಟನ್ನ ಅಳೆಯೋದಾದರೂ ಹೇಗೆ? ಯಾರನ್ನಾದರೂ ಹೊಡೆಸ್ತಾರೇನು?

ಶಿಷ್ಯ: ಅದೇ ಕಷ್ಟ. ಹೊಡೆಸೋಕಾಗಲ್ಲ, ಅದಕ್ಕೇ ಬದಲಿ ಅಳತೆ ಹುಡುಕಿದರು. ಗೇಮ್ ಆಡಿಸಿ ಆದಮೇಲೆ, ಕಾಣದ ಎದುರಾಳಿಯ ಕಿವಿಗೆ ಕರ್ಕಶ ಸದ್ದು ಕೇಳಿಸೋ ಗುಂಡಿ ಕೊಡ್ತಾರೆ. ಎಷ್ಟು ಜೋರು, ಎಷ್ಟು ಹೊತ್ತು ಒತ್ತಿದ ಅಂತ ಅಳೀತಾರೆ. ಇನ್ನು ಕೆಲವರು, ಇನ್ನೊಬ್ಬನ ಊಟಕ್ಕೆ ಎಷ್ಟು ಖಾರದ ಸಾಸ್ ಹಾಕ್ತಾನೆ ಅಂತ ಅಳೀತಾರೆ. ಅದರಿಂದ ಆ ಗಳಿಗೆಯ ಕೆರಳಿಕೆ ತಿಳಿಯಬಹುದು. ಖಾರದ ಸಾಸಿನಿಂದ ಕೊಲೆಯವರೆಗೆ ದಾರಿ ಬಹಳ ಉದ್ದ ಮೇಡಂ. ಪತ್ರಿಕೆಯಲ್ಲಿ ಆ ದಾರಿ ಒಂದೇ ಹೆಡ್‌ಲೈನಿನಲ್ಲಿ ಮುಗಿದುಹೋಗುತ್ತೆ. ಗೇಮ್ ಆಡಿದರೆ ನಿಜವಾದ ಗುರಿ ಸುಧಾರಿಸುತ್ತೆ ಅಂದಿದ್ದ 2012ರ ಒಂದು ಅಧ್ಯಯನವನ್ನ 2017ರಲ್ಲಿ ನಿಯತಕಾಲಿಕವೇ ಹಿಂಪಡೆಯಿತು. ಅಧ್ಯಯನ ಬಂದದ್ದು ಸುದ್ದಿಯಾದ ಹಾಗೆ ಅದು ಹೋದದ್ದು ಸುದ್ದಿಯಾಗಲಿಲ್ಲ.

ಮೇಡಂ: ಕೊನೆಗೆ ಅವರಲ್ಲಿ ಹಿರಿಯರು ಅಂತ ಯಾರೂ ತೀರ್ಮಾನ ಹೇಳಲಿಲ್ಲವೇ?

ಶಿಷ್ಯ: ಅಮೆರಿಕದ ಮನಶ್ಶಾಸ್ತ್ರ ಸಂಘ ಹೇಳಿದೆ. ಕೂಗಾಟ, ತಳ್ಳಾಟದಂಥ ಆಕ್ರಮಣಶೀಲತೆಗೆ ಸಣ್ಣ ಸಂಬಂಧ ಇದೆ, ಆದರೆ ಹಿಂಸಾಕೃತ್ಯಕ್ಕೆ ಗೇಮ್ ಕಾರಣ ಅನ್ನೋದಕ್ಕೆ ಸಾಕಷ್ಟು ಆಧಾರ ಇಲ್ಲ ಅಂತ 2020ರಲ್ಲಿ ಮತ್ತೆ ಸ್ಪಷ್ಟಪಡಿಸಿತು. ಹಾಗೆ ಹೊಣೆ ಹೊರಿಸೋದರಿಂದ ಹಿಂಸೆಯ ನಿಜವಾದ ಕಾರಣಗಳ ಕಡೆ ಗಮನ ಹೋಗಲ್ಲ ಅಂತಲೂ ಎಚ್ಚರಿಸಿತು.

ಮೇಡಂ: ಹಾಗಿದ್ದರೂ ಗೇಮೇ ಯಾಕೆ ಮೊದಲು ಬಾಯಿಗೆ ಬರುತ್ತೆ?

ಶಿಷ್ಯ: ಆ ಉತ್ತರದಿಂದ ಯಾರಿಗೂ ನೋವಾಗಲ್ಲ, ಅದಕ್ಕೆ. ಮನೆಯವರ ಮೇಲೆ, ಪೊಲೀಸರ ಮೇಲೆ, ಶಾಲೆಯ ಮೇಲೆ, ಸರ್ಕಾರದ ಮೇಲೆ ಯಾವ ಹೊಣೆಯೂ ಬರಲ್ಲ. 2019ರ ಆಗಸ್ಟಿನಲ್ಲಿ ಎಲ್ ಪಾಸೊ ನಗರದ ವಾಲ್‌ಮಾರ್ಟ್ ಅಂಗಡಿಯಲ್ಲಿ ಗುಂಡಿನ ದಾಳಿ ಆಯ್ತು. ಹಂತಕ ವಲಸಿಗರ ಮೇಲಿನ ದ್ವೇಷವನ್ನ ಬರಹದಲ್ಲೇ ಕಾರಿದ್ದ. ಅಧ್ಯಕ್ಷ ಟ್ರಂಪ್ ತಮ್ಮ ಭಾಷಣದಲ್ಲಿ ಕ್ರೂರ ವಿಡಿಯೊ ಗೇಮ್‌ಗಳನ್ನೂ ದೂರಿದರು. ವಾಲ್‌ಮಾರ್ಟ್ ಹಿಂಸೆಯ ಗೇಮ್‌ಗಳ ಪೋಸ್ಟರುಗಳನ್ನ, ಪರದೆಗಳನ್ನ ತೆಗೆಸಿತು. ಆ ವಾರ ಬಂದೂಕಿನ ಮಾರಾಟ ನಿಲ್ಲಲಿಲ್ಲ.

ಮೇಡಂ: ಚೆನ್ನಾಗಿದೆ, ಪೋಸ್ಟರಿಗೆ ಶಿಕ್ಷೆ!

ಶಿಷ್ಯ: ಇನ್ನೂ ಒಂದಿದೆ. ಗೇಮ್ ಬಾಯಿಗೆ ಬರೋದು ಎಲ್ಲರ ವಿಷಯದಲ್ಲೂ ಅಲ್ಲ. 2019ರಲ್ಲೇ ಪ್ಯಾಟ್ರಿಕ್ ಮಾರ್ಕಿ ಅನ್ನೋ ಸಂಶೋಧಕ ಮತ್ತು ಸಂಗಡಿಗರು 204 ಸಾಮೂಹಿಕ ಗುಂಡಿನ ದಾಳಿಗಳ ಬಗ್ಗೆ ಬಂದ ಎರಡು ಲಕ್ಷಕ್ಕೂ ಹೆಚ್ಚು ಸುದ್ದಿಗಳನ್ನ ಜಾಲಾಡಿದರು. ಶಾಲೆಯಲ್ಲಿ ಗುಂಡು ಹಾರಿಸಿದವನು ಬಿಳಿಯ ಹುಡುಗನಾಗಿದ್ದರೆ, ಕರಿಯ ಹುಡುಗನಾಗಿದ್ದಾಗ ಬಂದದ್ದಕ್ಕಿಂತ ಎಂಟು ಪಟ್ಟಿಗೂ ಹೆಚ್ಚು ಸಲ ವಿಡಿಯೊ ಗೇಮಿನ ಮಾತು ಬಂದಿತ್ತು. ನಮ್ಮವನು, ಒಳ್ಳೇ ಮನೆಯವನು ಅಂತ ನಾವು ಎಣಿಸಿದವನು ತಪ್ಪು ಮಾಡಿದಾಗ ಹೊರಗಿನದೊಂದು ಕಾರಣ ಬೇಕಾಗುತ್ತೆ. ನಮ್ಮವನಲ್ಲ ಅಂದುಕೊಂಡವನಿಗೆ ಕಾರಣವೇ ಬೇಡ, ಅವನೇ ಕಾರಣ.

ಮೇಡಂ: ನಮ್ಮ ಕಡೆಯೂ ಅಷ್ಟೇ ಅನ್ನು. ಓದಿನಲ್ಲಿ ಮುಂದಿದ್ದ ಮನೆಯ ಹುಡುಗ ಕದ್ದರೆ ಸಹವಾಸದೋಷ, ಬಡವರ ಹುಡುಗ ಕದ್ದರೆ ಕಳ್ಳ. ಸ್ಟಾಫ್ ರೂಮಿನಲ್ಲಿ ನಾನೂ ಕೇಳಿದ್ದೀನಿ ಈ ಮಾತನ್ನ.

ಶಿಷ್ಯ: ಲಖನೌದಲ್ಲಿ 2022ರ ಜೂನಿನಲ್ಲಿ 16 ವರ್ಷದ ಹುಡುಗ ತಾಯಿಗೆ ಗುಂಡಿಟ್ಟ ಅನ್ನೋ ಸುದ್ದಿ ಬಂದಾಗಲೂ ದೇಶದ ತುಂಬಾ ಪಬ್ಜಿಯದೇ ಹೆಡ್‌ಲೈನು. ತಂದೆಯ ಪರವಾನಗಿ ಪಿಸ್ತೂಲು ಬಾಲಕನ ಕೈಗೆ ಹೇಗೆ ಬಂತು ಅನ್ನೋ ಪ್ರಶ್ನೆಗೆ ಸಿಕ್ಕ ಜಾಗ ಎಷ್ಟು? ಇನ್ನು ಪಬ್ಜಿಯನ್ನ ಕೇಂದ್ರ ಸರ್ಕಾರ ನಿರ್ಬಂಧಿಸಿದ್ದು ಮಕ್ಕಳು ಕೆಡ್ತಾರೆ ಅಂತಲ್ಲ. 2020ರ ಸೆಪ್ಟೆಂಬರಿನಲ್ಲಿ ದೇಶದ ಭದ್ರತೆಯ ಕಾರಣ ಕೊಟ್ಟು 118 ಆ್ಯಪ್‌ಗಳನ್ನ ತಡೆದಾಗ ಅದೂ ಆ ಪಟ್ಟಿಯಲ್ಲಿತ್ತು.

ಮೇಡಂ: ನಾನು ಕೊಲೆಗಿಂತ ಹೆಚ್ಚು ಹೆದರಿದ್ದು ಮಕ್ಕಳನ್ನ ಆತ್ಮಹತ್ಯೆಗೆ ದೂಡುತ್ತೆ ಅಂತಿದ್ದ ಬ್ಲೂ ವೇಲ್ ಗೇಮ್‌ಗೆ. 2017ರಲ್ಲಿ ದಿನಾ ಪ್ರಾರ್ಥನೆ ಮುಗಿದಮೇಲೆ ಮಕ್ಕಳ ತೋಳು ನೋಡಿಸ್ತಿದ್ದೆವು, ಬ್ಲೇಡಿನಲ್ಲಿ ತಿಮಿಂಗಿಲ ಕೊರೆದುಕೊಂಡಿದ್ದಾರೇನೋ ಅಂತ.

ಶಿಷ್ಯ: ಅದು ಗೇಮೇ ಅಲ್ಲ ಮೇಡಂ. ಡೌನ್‌ಲೋಡ್ ಮಾಡೋಕೆ ಅಂಥ ಆ್ಯಪ್ ಇರಲಿಲ್ಲ. ರಷ್ಯಾದ ಪತ್ರಿಕೆಯೊಂದು 2016ರಲ್ಲಿ, ಆನ್‌ಲೈನ್ ಗುಂಪುಗಳಿಗೂ ಹದಿಹರೆಯದವರ ಆತ್ಮಹತ್ಯೆಗಳಿಗೂ ಸಂಬಂಧ ಇದೆ ಅಂತ ಬರೆದ ಲೇಖನದಿಂದ ಹಬ್ಬಿದ ಮಾತು. ನಮ್ಮಲ್ಲಿ ಮುಂಬೈಯ ಒಂದು ಸಾವಿನಿಂದ ಶುರುವಾಗಿ ಪ್ರತಿ ಊರಿನ ಪ್ರತಿ ಸಾವಿಗೂ ಅಂಟಿಕೊಂಡಿತು. ಲಿಂಕ್ ತೆಗೆದುಹಾಕಿ ಅಂತ ಕೇಂದ್ರದ ಐಟಿ ಸಚಿವಾಲಯ ಗೂಗಲ್, ಫೇಸ್‌ಬುಕ್‌ಗಳಿಗೆ ಪತ್ರ ಬರೆಯಿತು. ಸಮಿತಿ ಕೂತು ಒಂದೊಂದು ಪ್ರಕರಣವನ್ನೂ ನೋಡಿತು. ಯಾವ ಸಾವಿನಲ್ಲೂ ಬ್ಲೂ ವೇಲ್ ಪಾತ್ರ ಸಾಬೀತಾಗಿಲ್ಲ ಅಂತ 2018ರ ಜನವರಿಯಲ್ಲಿ ಸರ್ಕಾರ ಲೋಕಸಭೆಗೆ ಹೇಳಿತು.

ಮೇಡಂ: ಇದನ್ನ ನಮಗೆ ಯಾರೂ ಹೇಳಲೇ ಇಲ್ಲ. ಎಚ್ಚರಿಕೆಯ ಸುತ್ತೋಲೆ ಬಂದಿತ್ತು, ಎಚ್ಚರಿಕೆ ಬೇಡ ಅನ್ನೋ ಸುತ್ತೋಲೆ ಬರಲಿಲ್ಲ.

ಶಿಷ್ಯ: ಭಯಕ್ಕೆ ಮುಖಪುಟ, ಸಮಾಧಾನಕ್ಕೆ ಒಳಪುಟದ ಸಿಂಗಲ್ ಕಾಲಂ. ಇಲ್ಲಿ ಇನ್ನೊಂದು ವಿಪರ್ಯಾಸ ಇದೆ. ಗೇಮ್ ನೋಡಿ ಹಿಂಸೆ ಹರಡುತ್ತೆ ಅನ್ನೋದಕ್ಕೆ ಆಧಾರ ತೆಳ್ಳಗಿದೆ. ಸುದ್ದಿ ನೋಡಿ ಹರಡುತ್ತೆ ಅನ್ನೋದನ್ನ ಮಾತ್ರ ಸಂಶೋಧಕರು ಬಹಳ ಗಂಭೀರವಾಗಿ ತಗೊಂಡಿದ್ದಾರೆ. ಮುಖಪುಟದಲ್ಲಿ ಆತ್ಮಹತ್ಯೆಯ ಸುದ್ದಿ ಬಂದಮೇಲೆ ಆತ್ಮಹತ್ಯೆಗಳು ಹೆಚ್ಚಾಗ್ತವೆ ಅಂತ ಡೇವಿಡ್ ಫಿಲಿಪ್ಸ್ ತೋರಿಸಿದ್ದು 1974ರಲ್ಲಿ. ಅಮೆರಿಕದಲ್ಲಿ ಒಂದು ಸಾಮೂಹಿಕ ಹತ್ಯೆಯಾದರೆ ಸುಮಾರು 13 ದಿನ ಅಂಥದ್ದೇ ಇನ್ನೊಂದು ನಡೆಯೋ ಸಾಧ್ಯತೆ ಹೆಚ್ಚಿರುತ್ತೆ ಅಂತ 2015ರ ಒಂದು ಅಧ್ಯಯನ ಲೆಕ್ಕ ಹಾಕಿತು. ಆತ್ಮಹತ್ಯೆಯ ಸುದ್ದಿಯನ್ನ ಎದ್ದು ಕಾಣೋ ಜಾಗದಲ್ಲಿ ಹಾಕಬೇಡಿ, ವಿಧಾನ ವಿವರಿಸಬೇಡಿ, ಮತ್ತೆ ಮತ್ತೆ ಹಾಕಬೇಡಿ ಅಂತ ಭಾರತೀಯ ಪತ್ರಿಕಾ ಮಂಡಳಿ 2019ರಲ್ಲಿ ಮಾರ್ಗಸೂಚಿಯನ್ನೇ ಕೊಟ್ಟಿದೆ.

ಮೇಡಂ: ಹಾಗಾದ್ರೆ ನಾನು ಮಕ್ಕಳ ಕೈಯಿಂದ ಕಿತ್ಕೋಬೇಕಾದ್ದು ಮೊಬೈಲೋ, ನಿಮ್ಮ ಪೇಪರೋ?

ಶಿಷ್ಯ: ಬೈಸಿಕೊಳ್ಳೋಕೆ ತಯಾರಾಗೇ ಬಂದಿದ್ದೀನಿ.

ಮೇಡಂ: ಬೈಯೋದು ಆಮೇಲೆ. ಈಗ ನನ್ನದು ಕೇಳು. ನನ್ನ ಶಾಲೆಯಲ್ಲಿ ಕೊಲೆ ಮಾಡೋ ಹುಡುಗ ಯಾರೂ ಇಲ್ಲ, ದೇವರ ದಯೆ. ಮೊದಲ ಪಿರಿಯಡ್ಡಿನಲ್ಲೇ ಬೆಂಚಿಗೆ ತಲೆಯಿಟ್ಟು ಮಲಗೋರು ಇದ್ದಾರೆ, ರಾತ್ರಿ ಎರಡರವರೆಗೆ ಆಡಿರ್ತಾರೆ. ಫೋನ್ ತಗೊಂಡ್ರೆ ಪಾತ್ರೆ ಎಸೀತಾನೆ ಅಂತ ಅಳೋ ತಾಯಂದಿರಿದ್ದಾರೆ. ಬಂದೂಕಿಗೆ ಬಣ್ಣ, ಗೊಂಬೆಗೆ ಬಟ್ಟೆ ಅಂತ ಅಪ್ಪನ ಖಾತೆಯಿಂದ ದುಡ್ಡು ಕಳಿಸಿದವನಿದ್ದಾನೆ. ನೀನು ಕೊಟ್ಟ ಲೆಕ್ಕದಲ್ಲಿ ಇವರು ಎಲ್ಲಿದ್ದಾರೆ?

ಶಿಷ್ಯ: ಬೇರೆ ಲೆಕ್ಕದಲ್ಲಿದ್ದಾರೆ, ಅದು ಗಟ್ಟಿಯಾದ ಲೆಕ್ಕವೇ. ಗೇಮಿಂಗ್ ಡಿಸಾರ್ಡರನ್ನ ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ಪಟ್ಟಿಗೆ 2019ರಲ್ಲಿ ಸೇರಿಸಿತು, 2022ರಿಂದ ಅದು ಜಾರಿಗೆ ಬಂದಿದೆ. ಹೆಚ್ಚು ಹೊತ್ತು ಆಡಿದ ಮಾತ್ರಕ್ಕೆ ಕಾಯಿಲೆ ಅನ್ನಲ್ಲ. ಹಿಡಿತ ತಪ್ಪಿರಬೇಕು, ಊಟ, ಓದು, ಸ್ನೇಹಕ್ಕಿಂತ ಆಟವೇ ಮುಂದಾಗಿರಬೇಕು, ಹಾನಿ ಕಂಡರೂ ನಿಲ್ಲಿಸಲಾಗದೆ ಸಾಮಾನ್ಯವಾಗಿ ಒಂದು ವರ್ಷ ಹೀಗೇ ನಡೆದಿರಬೇಕು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಇದಕ್ಕೆಲ್ಲ ಮುಂಚೆ, 2014ರಲ್ಲೇ, ‘ಶಟ್’ ಅನ್ನೋ ಹೆಸರಿನ ಕ್ಲಿನಿಕ್ ತೆರೆದಿತ್ತು.

ಮೇಡಂ: ಅಲ್ಲಿಗೆ ಹೋಗಿ ಅಂದ್ರೆ ಹೆತ್ತವರು ಏನಂತಾರೆ ಗೊತ್ತಾ? ‘ಅಂಥದ್ದೇನಿಲ್ಲ ಮೇಡಂ, ನಮ್ಮವನು ಸಾಧು, ಪೇಪರಿನಲ್ಲಿ ಬರೋ ಹಾಗೆ ಯಾರನ್ನೂ ಹೊಡೆಯಲ್ಲ.’ ನಿಮ್ಮ ಸುದ್ದಿ ಓದಿ, ಗೇಮ್ ಕೆಟ್ಟದ್ದು ಅಂದ್ರೆ ರಕ್ತ ಹರಿಯಬೇಕು ಅಂದ್ಕೊಂಡಿದ್ದಾರೆ. ರಕ್ತ ಇಲ್ಲದಿದ್ದರೆ ಚಿಂತೆಯಿಲ್ಲ! ಇನ್ನು ಕೆಲವರು ಅದೇ ಸುದ್ದಿ ಓದಿ ಬೆದರಿ, ನಡುರಾತ್ರಿ ಮೊಬೈಲ್ ಕಿತ್ತು ಗೋಡೆಗೆ ಒಗೀತಾರೆ. ಆ ಹುಡುಗ ಮೂರು ದಿನ ಮನೆಗೇ ಬರಲ್ಲ. ಕಡೆಗಣಿಸೋರಿಗೂ ನಿಮ್ಮ ಹೆಡ್‌ಲೈನೇ ನೆಪ, ಕೈ ಎತ್ತೋರಿಗೂ ಅದೇ ನೆಪ.

ಶಿಷ್ಯ: ಈ ಮಾತನ್ನ ನಾನು ಯಾವ ಅಧ್ಯಯನದಲ್ಲೂ ಓದಿರಲಿಲ್ಲ.

ಮೇಡಂ: ಸರಿ, ನಾಳೆ ರಾತ್ರಿ ಅಂಥದ್ದೇ ಸುದ್ದಿ ಬರುತ್ತೆ. ನೀನು ಡೆಸ್ಕಿನಲ್ಲಿದ್ದೀಯ. ಏನು ಮಾಡ್ತೀಯ?

ಶಿಷ್ಯ: ಕೊಲೆಯನ್ನ ಕೊಲೆ ಅಂತ ಬರೀತೀನಿ. ಕಾರಣ ಪೊಲೀಸರು ಹೇಳಿದ್ದಾದರೆ ಪೊಲೀಸರು ಹೇಳಿದ್ದು ಅಂತ ಸುದ್ದಿಯ ಒಳಗೆ ಹಾಕ್ತೀನಿ, ಹೆಡ್‌ಲೈನಿಗೆ ಏರಿಸಲ್ಲ. ಆರೋಪಿ ಬಾಲಕನಾದರೆ ಬಾಲನ್ಯಾಯ ಕಾಯ್ದೆ ಹೇಳೋ ಹಾಗೆ ಗುರುತು ಕೊಡಲ್ಲ, ಬೀದಿಯ ಹೆಸರೂ ಬೇಡ. ಆಯುಧ ಎಲ್ಲಿಂದ ಬಂತು, ಮನೆಯಲ್ಲಿ ಹಿಂದೆ ಹೊಡೆತ ಬಡಿತ ಇತ್ತೇ, ಚಿಕಿತ್ಸೆ ನಡೀತಿತ್ತೇ ಅಂತ ಮಾರನೇ ದಿನ ಕೇಳಿಸ್ತೀನಿ. ಚಾರ್ಜ್‌ಶೀಟ್ ಬಂದಾಗ ಅದರಲ್ಲೇನಿದೆ ಅಂತ ಅದೇ ಪುಟದಲ್ಲಿ ಹಾಕಿಸ್ತೀನಿ.

ಮೇಡಂ: ಕಾರಣ ಬಿಟ್ಟು ಬರೆದರೆ ಆ ಖಾಲಿ ಜಾಗವನ್ನ ವಾಟ್ಸಾಪ್ ತುಂಬುತ್ತೆ.

ಶಿಷ್ಯ: ತುಂಬಲಿ. ವಾಟ್ಸಾಪಿನಲ್ಲಿ ಬಂದದ್ದು ಹೌದೋ ಅಲ್ಲವೋ ಅಂತ ತಿಳಿಯೋಕೆ ಇವತ್ತಿಗೂ ಜನ ಪೇಪರ್ ನೋಡ್ತಾರೆ. ಅಲ್ಲೂ ಅದೇ ಇದ್ದರೆ ಅವರು ಇನ್ನೆಲ್ಲಿಗೆ ಹೋಗಬೇಕು?

ಮೇಡಂ: ನಿನ್ನ ಮಾತು ಪೂರ್ತಿ ಒಪ್ಪಿದೆ ಅಂತ ತಿಳೀಬೇಡ. ನನ್ನ ಕಣ್ಣಿಗೆ ಗೇಮ್ ಕಂಪನಿಗಳು ಸಾಚಾ ಅಲ್ಲ. ನೀವು ಅವರ ಮೇಲೆ ಕೊಲೆಯ ಆರೋಪ ಹೊರಿಸಿ ಅವರಿಗೆ ಉಪಕಾರವನ್ನೇ ಮಾಡಿದ್ರಿ. ಕೊಲೆ ಕೇಸು ನಿಲ್ಲಲಿಲ್ಲ, ಖುಲಾಸೆಯಾಗಿ ಎದೆಯುಬ್ಬಿಸಿ ಹೊರಗೆ ಬಂದರು. ಇನ್ನು ಅವರು ಮಕ್ಕಳ ನಿದ್ದೆ ಕದ್ದದ್ದನ್ನ, ಅಪ್ಪಂದಿರ ಜೇಬಿಗೆ ಕೈ ಹಾಕಿದ್ದನ್ನ ಯಾರು ವಿಚಾರಿಸ್ತಾರೆ? ಅದರಲ್ಲಿ ಅವರು ಎಲ್ಲಾದರೂ ಸಿಕ್ಕಿಬಿದ್ದದ್ದಿದೆಯಾ?

ಶಿಷ್ಯ: ಇದೆ. ‘ಫೋರ್ಟ್‌ನೈಟ್’ ತಯಾರಿಸೋ ಎಪಿಕ್ ಗೇಮ್ಸ್ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಎರಡು ದೂರು ಹೊರಿಸಿತ್ತು. ಹೆತ್ತವರಿಗೆ ತಿಳಿಸದೆ ಮಕ್ಕಳ ಮಾಹಿತಿ ಸಂಗ್ರಹಿಸಿದ್ದು ಒಂದು, ಗುಂಡಿಗಳನ್ನ ಗೊಂದಲವಾಗೋ ಹಾಗೆ ಜೋಡಿಸಿ ಬೇಡದ ಖರೀದಿ ಮಾಡಿಸಿದ್ದು ಇನ್ನೊಂದು. 2022ರ ಡಿಸೆಂಬರಿನಲ್ಲಿ ಕಂಪನಿ 52 ಕೋಟಿ ಡಾಲರ್ ಕೊಡೋಕೆ ಒಪ್ಪಿತು. ಒಳಗೇನಿದೆ ಅಂತ ತಿಳಿಯದೆ ದುಡ್ಡು ಕೊಟ್ಟು ತೆರೆಯೋ ಲೂಟ್ ಬಾಕ್ಸ್‌ಗಳು ಜೂಜು ಅಂತ ಬೆಲ್ಜಿಯಂ 2018ರಲ್ಲೇ ಹೇಳಿತ್ತು.

ಮೇಡಂ: ನೋಡು, ಪತ್ತೆಯಾದ ತಪ್ಪು, ಕಟ್ಟಿದ ದುಡ್ಡು, ಎಲ್ಲ ಇದೆ. ಇದನ್ನ ನಾನು ಯಾವ ಟೀವಿಯ ಬ್ರೇಕಿಂಗ್ ನ್ಯೂಸಿನಲ್ಲೂ ನೋಡಲಿಲ್ಲ.

ಶಿಷ್ಯ: ಅದು ಕ್ರೈಂ ಸುದ್ದಿ ಅಲ್ಲ ಮೇಡಂ. ವಾಣಿಜ್ಯ ಪುಟದ್ದು.

ಮೇಡಂ: ಹಾಗಿದ್ರೆ ನಿಮ್ಮ ಕ್ರೈಂ ವರದಿಗಾರನನ್ನ ಸ್ವಲ್ಪ ದಿನ ಆ ಪುಟಕ್ಕೆ ಹಾಕು.